ಮೂಳೆ ಕಸಿಗೆ ಫ್ಲೋರೈಡ್ ಗಾಜು-ಪಿಂಗಾಣಿ: ಮೂಸೆಯಿಂದ ಹರಳಿನವರೆಗೆ

ಮಂಡ್ಯದ ಆಲೆಮನೆಯಲ್ಲಿ ಬೆಲ್ಲದ ಪಾಕ ಹದಕ್ಕೆ ಬರುವುದನ್ನು ನೋಡಿದವರಿಗೆ ಗಾಜು-ಪಿಂಗಾಣಿಯ ಅರ್ಧ ಪಾಠ ಆಗಲೇ ಗೊತ್ತಿದೆ. ಕುದಿಯುವ ಪಾಕದ ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟರೆ ಹರಳಾಗಲು ಪುರಸೊತ್ತಿಲ್ಲದೆ ಹಾಗೇ ಬಿಗಿದುಕೊಳ್ಳುತ್ತದೆ. ಅದೇ ಪಾಕವನ್ನು ಇಳಿಸಿ, ಕೈಯಾಡಿಸುತ್ತ ಆರಿಸಿದರೆ ಮರಳು ಮರಳಾಗಿ ಹರಳುಗಟ್ಟುತ್ತದೆ. ಮೊದಲನೆಯದು ಗಾಜಿನ ಸ್ಥಿತಿ, ಎರಡನೆಯದು ಹರಳಿನ ಸ್ಥಿತಿ. ಗಾಜು-ಪಿಂಗಾಣಿಯಲ್ಲಿ ಎರಡನ್ನೂ ಒಂದರ ಮೇಲೊಂದು ಮಾಡುತ್ತೇವೆ. ಮೊದಲು ಕರಗಿಸಿ ಥಟ್ಟನೆ ತಣಿಸಿ ಗಾಜು ಮಾಡಿಕೊಳ್ಳುವುದು, ಆಮೇಲೆ ಮತ್ತೆ ಕಾಯಿಸಿ ಬೇಕಾದ ಹರಳನ್ನು ಬೇಕಾದಷ್ಟೇ ಬೆಳೆಸುವುದು.

ಮೈಸೂರು, ಮಂಡ್ಯದ ಕಾಲೇಜು ಪ್ರಯೋಗಾಲಯಗಳಲ್ಲಿ ಎಂಎಸ್‌ಸಿ ಅಥವಾ ಬಿಇ ಪ್ರಾಜೆಕ್ಟ್‌ಗೆ ಇದನ್ನು ಮಾಡಹೊರಟವರಿಗಾಗಿ ಈ ಮಾರ್ಗದರ್ಶಿ. ಒಂದು ಮಾತು ಮೊದಲೇ ಹೇಳಬೇಕು. ಇಲ್ಲಿ ತಯಾರಾಗುವುದು ಅಧ್ಯಯನದ ಮಾದರಿ ಮಾತ್ರ. ಮನುಷ್ಯರ ದೇಹಕ್ಕೆ ಸೇರುವ ವಸ್ತುವಿಗೆ ಐಎಸ್‌ಒ 10993ರ ಜೈವಿಕ ಪರೀಕ್ಷೆಗಳೂ 2017ರ ಮೆಡಿಕಲ್ ಡಿವೈಸಸ್ ರೂಲ್ಸ್ ಪ್ರಕಾರ ಅನುಮತಿಯೂ ಬೇಕು.

ಯಾವ ಗಾಜನ್ನು ಆರಿಸಿಕೊಳ್ಳಬೇಕು

ಫ್ಲೋರೈಡ್ ಇರುವ ಗಾಜು-ಪಿಂಗಾಣಿಗಳಲ್ಲಿ ಹಲವು ಬಗೆ. ಜರ್ಮನಿಯ ಯೇನಾದಲ್ಲಿ ರೂಪುಗೊಂಡ ಬಯೋವೆರಿಟ್‌ನಲ್ಲಿ ಅಭ್ರಕದ ಹರಳುಗಳಿವೆ, ಹಾಗಾಗಿ ಅದನ್ನು ಲೇತ್‌ನಲ್ಲಿ ಕಡೆಯಬಹುದು, ಡ್ರಿಲ್‌ನಿಂದ ಕೊರೆಯಬಹುದು. ಫ್ಲೋರ್‌ಕೆನಸೈಟ್ ಬಗೆಯಲ್ಲಿ ಸರಪಳಿ ಸಿಲಿಕೇಟಿನ ಹರಳುಗಳು ಒಂದಕ್ಕೊಂದು ಹೆಣೆದುಕೊಳ್ಳುವುದರಿಂದ ಬಿರುಕು ಸುಲಭವಾಗಿ ಸಾಗುವುದಿಲ್ಲ. ಅಲ್ಯುಮಿನಾ ಸೇರಿದ ಇನ್ನೊಂದು ಬಗೆಯಲ್ಲಿ ಫ್ಲೋರ್‌ಅಪಟೈಟ್ ಜೊತೆಗೆ ಮುಲೈಟ್ ಎಂಬ ಅಲ್ಯುಮಿನಿಯಂ ಸಿಲಿಕೇಟ್ ಬರುತ್ತದೆ.

ಕಲಿಯುವವರಿಗೆ ನಮ್ಮ ಸಲಹೆ ಎ-ಡಬ್ಲ್ಯು, ಅಂದರೆ ಅಪಟೈಟ್-ವೊಲಾಸ್ಟೊನೈಟ್. ಅಪಟೈಟ್ ನಮ್ಮ ಮೂಳೆಯಲ್ಲೂ ಇರುವ ಕ್ಯಾಲ್ಸಿಯಂ ಫಾಸ್ಫೇಟಿನ ಹರಳು, ವೊಲಾಸ್ಟೊನೈಟ್ ಕ್ಯಾಲ್ಸಿಯಂ ಸಿಲಿಕೇಟಿನ ಹರಳು. ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯದಲ್ಲಿ ತದಾಶಿ ಕೊಕುಬೊ ಅವರ ತಂಡ 1982ರಲ್ಲಿ ಇದನ್ನು ಹೊರತಂದಿತು. ಸೆರಾಬೋನ್ ಎಂಬ ಹೆಸರಿನಲ್ಲಿ ಬೆನ್ನುಮೂಳೆಯ ಕಶೇರು ಮತ್ತು ಸೊಂಟದ ಮೂಳೆಯ ಅಂಚಿನ ಕಸಿಗೆ ಬಳಕೆಯಾಯಿತು. ಇದರ ಬಾಗುಬಲ ಸುಮಾರು 215 ಎಂಪಿಎ (ಮೆಗಾಪಾಸ್ಕಲ್), ಗಟ್ಟಿ ಮೂಳೆಗಿಂತ ಹೆಚ್ಚು. ಬಿರುಕು ತಡೆಯುವ ಶಕ್ತಿ ಮಾತ್ರ ಸುಮಾರು 2 ಎಂಪಿಎ-ವರ್ಗಮೂಲ ಮೀಟರ್. ತೊಡೆ ಮೂಳೆಯ ಹಾಗೆ ಭಾರ ಹೊತ್ತು ಬಾಗುವ ಜಾಗಕ್ಕೆ ಇದು ಸಾಲದು.

ಗಾಜಿನ ಸಂಯೋಜನೆ, ತೂಕದ ಲೆಕ್ಕದಲ್ಲಿ ಶೇಕಡಾವಾರು: ಮೆಗ್ನೀಸಿಯಂ ಆಕ್ಸೈಡ್ 4.6, ಕ್ಯಾಲ್ಸಿಯಂ ಆಕ್ಸೈಡ್ 44.7, ಸಿಲಿಕಾ 34.0, ಫಾಸ್ಫರಸ್ ಪೆಂಟಾಕ್ಸೈಡ್ 16.2, ಕ್ಯಾಲ್ಸಿಯಂ ಫ್ಲೋರೈಡ್ 0.5. ಹರಳುಗಟ್ಟಿದ ಮೇಲೆ ಶೇ 38 ಅಪಟೈಟ್, ಶೇ 34 ವೊಲಾಸ್ಟೊನೈಟ್, ಉಳಿದ ಶೇ 28 ಗಾಜು.

ಈ ಅಂಕಿಗಳನ್ನು ಸುಮ್ಮನೆ ನೋಟ್‌ಬುಕ್ಕಿಗೆ ಇಳಿಸಿಕೊಳ್ಳಬೇಡಿ, ಕೂತು ಲೆಕ್ಕ ಹಾಕಿ. ಫ್ಲೋರ್‌ಅಪಟೈಟಿನಲ್ಲಿ ಫಾಸ್ಫರಸ್ ಪೆಂಟಾಕ್ಸೈಡ್ ತೂಕದ ಶೇ 42.2. ನಮ್ಮ 16.2 ಗ್ರಾಂ ಪೂರ್ತಿ ಅಪಟೈಟ್ ಆದರೆ 38.4 ಗ್ರಾಂ ಅಪಟೈಟ್ ಬರಬೇಕು. ಬರುವುದೂ ಅಷ್ಟೇ. ಅಂದರೆ ಫಾಸ್ಫೇಟ್ ಎಲ್ಲವೂ ಹರಳಿಗೆ ಹೋಗುತ್ತದೆ, ಉಳಿದ ಗಾಜಿನಲ್ಲಿ ಫಾಸ್ಫೇಟ್ ಇರುವುದಿಲ್ಲ. ಮೆಗ್ನೀಸಿಯಂ ಪೂರ್ತಿ ಆ ಉಳಿದ ಗಾಜಿನಲ್ಲೇ ನಿಲ್ಲುತ್ತದೆ.

ಫ್ಲೋರೈಡ್ ಎಲ್ಲಿ ಕೂರುತ್ತದೆ

ಗಾಜಿನ ಬಲೆಯನ್ನು ಕಟ್ಟುವುದು ಸಿಲಿಕಾನ್-ಆಮ್ಲಜನಕದ ಕೊಂಡಿ. ಕ್ಯಾಲ್ಸಿಯಂ, ಸೋಡಿಯಂ ಆಕ್ಸೈಡುಗಳು ಬಂದರೆ ಬಲೆ ಅಲ್ಲಲ್ಲಿ ತುಂಡಾಗುತ್ತದೆ. ಮೂಳೆಗೆ ಸ್ಪಂದಿಸುವ ಗಾಜಿನಲ್ಲಿ ಪ್ರತಿ ಸಿಲಿಕಾನ್‌ಗೂ ಸರಾಸರಿ 2 ಕೊಂಡಿ ಉಳಿದರೆ ಒಳ್ಳೆಯದು. ಆಗ ಗಾಜು ಉದ್ದುದ್ದ ಸರಪಳಿಗಳ ರೂಪದಲ್ಲಿರುತ್ತದೆ, ನೀರಿನಲ್ಲಿ ಬೇಗ ಅಯಾನುಗಳನ್ನು ಬಿಟ್ಟುಕೊಡುತ್ತದೆ. ಈ ಸಂಖ್ಯೆ ಏರಿದಷ್ಟೂ ಗಾಜು ಮಂದವಾಗುತ್ತದೆ.

ಲೆಕ್ಕ ಹೀಗೆ: ಸಿಲಿಕಾದ ಮೋಲ್‌ಗಳನ್ನು 4ರಿಂದ ಗುಣಿಸಿ. ಅದರಿಂದ ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ ಆಕ್ಸೈಡುಗಳ ಒಟ್ಟು ಮೋಲ್‌ಗಳ ಎರಡರಷ್ಟನ್ನು ಕಳೆಯಿರಿ. ಫಾಸ್ಫೇಟ್ ಬಲೆಗೆ ಸೇರದೆ ತನ್ನ ಪಾಡಿಗೆ ಒಂಟಿಯಾಗಿ ನಿಂತು ಕ್ಯಾಲ್ಸಿಯಂ ಅನ್ನು ಎಳೆದುಕೊಳ್ಳುವುದರಿಂದ ಫಾಸ್ಫರಸ್ ಪೆಂಟಾಕ್ಸೈಡಿನ ಮೋಲ್‌ಗಳ ಆರರಷ್ಟನ್ನು ಕೂಡಿಸಿ. ಬಂದದ್ದನ್ನು ಸಿಲಿಕಾದ ಮೋಲ್‌ಗಳಿಂದ ಭಾಗಿಸಿ. ಮೇಲಿನ ಎ-ಡಬ್ಲ್ಯು ಗಾಜಿಗೆ 1.99 ಬರುತ್ತದೆ.

ಕ್ಯಾಲ್ಸಿಯಂ ಫ್ಲೋರೈಡನ್ನು ಈ ಲೆಕ್ಕದಲ್ಲಿ ಸೇರಿಸುವುದಿಲ್ಲ. ಕಾರಣ, ಅಲ್ಯುಮಿನಾ ಇಲ್ಲದ ಇಂಥ ಗಾಜುಗಳಲ್ಲಿ ಫ್ಲೋರೈಡ್ ಸಿಲಿಕಾನ್ ತಂಟೆಗೆ ಹೋಗುವುದಿಲ್ಲ, ಕ್ಯಾಲ್ಸಿಯಂ ಪಕ್ಕದಲ್ಲೇ ಕೂರುತ್ತದೆ. ಬಲೆಯನ್ನು ಅದು ಕತ್ತರಿಸುವುದೂ ಇಲ್ಲ, ಹೊಲಿಯುವುದೂ ಇಲ್ಲ. ಸರಪಳಿಗಳ ನಡುವಿನ ಹಿಡಿತವನ್ನು ಸಡಿಲಿಸುತ್ತದೆ ಅಷ್ಟೆ. ಅದರಿಂದಲೇ ಗಾಜು ಮೆದುವಾಗುವ ತಾಪಮಾನ ಇಳಿಯುತ್ತದೆ.

ಪ್ರಾಜೆಕ್ಟುಗಳಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಇಲ್ಲೇ. ಕ್ಯಾಲ್ಸಿಯಂ ಆಕ್ಸೈಡನ್ನು ತೆಗೆದು ಅದೇ ಜಾಗಕ್ಕೆ ಕ್ಯಾಲ್ಸಿಯಂ ಫ್ಲೋರೈಡ್ ಹಾಕುತ್ತಾರೆ. ಮೂಳೆಗೆ ಬೆಸೆದುಕೊಳ್ಳುವ ಗಾಜನ್ನು ಮೊದಲು ಮಾಡಿದ ಅಮೆರಿಕದ ಲ್ಯಾರಿ ಹೆಂಚ್ ಅವರ 45ಎಸ್5 ಗಾಜನ್ನು ತೆಗೆದುಕೊಳ್ಳಿ. ಮೋಲ್ ಲೆಕ್ಕದಲ್ಲಿ ಸಿಲಿಕಾ 46.1, ಸೋಡಿಯಂ ಆಕ್ಸೈಡ್ 24.4, ಕ್ಯಾಲ್ಸಿಯಂ ಆಕ್ಸೈಡ್ 26.9, ಫಾಸ್ಫರಸ್ ಪೆಂಟಾಕ್ಸೈಡ್ 2.6. ಕೊಂಡಿ ಸಂಖ್ಯೆ 2.11. ಇದರಲ್ಲಿ 5 ಮೋಲ್ ಆಕ್ಸೈಡ್ ತೆಗೆದು ಫ್ಲೋರೈಡ್ ಹಾಕಿದರೆ ಸಂಖ್ಯೆ 2.33ಕ್ಕೆ ಏರುತ್ತದೆ. ಆಮೇಲೆ ಗಾಜು ನಿಧಾನವಾಗಿ ಕರಗಿತೆಂದು ಫ್ಲೋರೈಡನ್ನು ದೂರುತ್ತಾರೆ. ತಪ್ಪು ಫ್ಲೋರೈಡಿನದಲ್ಲ, ಕಳೆದುಹೋದ ಆಕ್ಸೈಡಿನದು. ಉಳಿದ ಅಂಶಗಳ ಅನುಪಾತ ಮುಟ್ಟದೆ ಫ್ಲೋರೈಡನ್ನು ಮೇಲಿನಿಂದ ಸೇರಿಸಿ.

ಹರಳಿನೊಳಗೆ ಫ್ಲೋರೈಡಿನ ಜಾಗ ಇನ್ನೂ ಖಚಿತ. ಅಪಟೈಟಿನ ಉದ್ದಕ್ಕೂ ಒಂದು ಕೊಳವೆಯಂಥ ದಾರಿ ಇದೆ, ಅದರ ಸುತ್ತ ಮೂರು ಮೂರು ಕ್ಯಾಲ್ಸಿಯಂ ತ್ರಿಕೋನವಾಗಿ ನಿಂತಿರುತ್ತವೆ. ಆ ತ್ರಿಕೋನದ ನಟ್ಟನಡುವೆ ಫ್ಲೋರೈಡ್ ಸರಿಯಾಗಿ ಕೂರುತ್ತದೆ. ನಮ್ಮ ಮೂಳೆಯಲ್ಲಿ ಅಲ್ಲಿ ಹೈಡ್ರಾಕ್ಸಿಲ್ ಇರಬಹುದು, ಆದರೆ ಅದು ಕುಲುಮೆಯ ಶಾಖಕ್ಕೆ ಹಾರಿಹೋಗುತ್ತದೆ. ಫ್ಲೋರೈಡ್ ನಿಲ್ಲುತ್ತದೆ. 100 ಗ್ರಾಂ ಗಾಜಿನ ಅಪಟೈಟ್ ಪೂರ್ತಿ ಫ್ಲೋರ್‌ಅಪಟೈಟ್ ಆಗಬೇಕಾದರೆ 2.97 ಗ್ರಾಂ ಕ್ಯಾಲ್ಸಿಯಂ ಫ್ಲೋರೈಡ್ ಬೇಕು. ನಾವು ಹಾಕುವುದು 0.5 ಗ್ರಾಂ, ಅಂದರೆ ಆರರಲ್ಲಿ ಒಂದು ಜಾಗಕ್ಕೆ ಮಾತ್ರ ಸಾಕು. ಉಳಿದ ಕಡೆ ಆಕ್ಸೈಡ್ ತುಂಬುತ್ತದೆ. ಇದನ್ನು ಆಕ್ಸಿಫ್ಲೋರ್‌ಅಪಟೈಟ್ ಎನ್ನುವುದು ಅದಕ್ಕೇ. ಇಷ್ಟು ಕಡಿಮೆ ಇರುವುದರಿಂದ ಕುಲುಮೆಯಲ್ಲಿ ಒಂದಿಷ್ಟು ಹೊಗೆಯಾಗಿ ಹೋದರೂ ಹರಳಿನ ಕಥೆ ಬದಲಾಗುತ್ತದೆ. ಮುಂದಿನ ಪ್ರತಿ ಹಂತದಲ್ಲೂ ಫ್ಲೋರೈಡ್ ಎಲ್ಲಿದೆ ಎಂಬ ಪ್ರಶ್ನೆ ಕೇಳುತ್ತಿರಿ.

ತೂಕ

100 ಗ್ರಾಂ ಗಾಜಿಗೆ ಬೇಕಾದ ಪುಡಿಗಳು:

ಸಿಲಿಕಾ 34.00 ಗ್ರಾಂ
ಮೆಗ್ನೀಸಿಯಂ ಆಕ್ಸೈಡ್ 4.60 ಗ್ರಾಂ
ನೀರಿಲ್ಲದ ಕ್ಯಾಲ್ಸಿಯಂ ಹೈಡ್ರೋಜನ್ ಫಾಸ್ಫೇಟ್ 31.06 ಗ್ರಾಂ
ಕ್ಯಾಲ್ಸಿಯಂ ಕಾರ್ಬೊನೇಟ್ 56.93 ಗ್ರಾಂ
ಕ್ಯಾಲ್ಸಿಯಂ ಫ್ಲೋರೈಡ್ 0.50 ಗ್ರಾಂ

ಒಟ್ಟು 127.09 ಗ್ರಾಂ. ಇದರಲ್ಲಿ 25.03 ಗ್ರಾಂ ಇಂಗಾಲದ ಡೈಆಕ್ಸೈಡ್, 2.06 ಗ್ರಾಂ ನೀರು ಹೋಗಿ 100 ಗ್ರಾಂ ಉಳಿಯಬೇಕು.

ಕ್ಯಾಲ್ಸಿಯಂ ಆಕ್ಸೈಡನ್ನು, ಅಂದರೆ ಸುಟ್ಟ ಸುಣ್ಣವನ್ನು, ನೇರವಾಗಿ ತೂಗಬೇಡಿ. ತಕ್ಕಡಿಯ ಮೇಲೆ ಇರುವಾಗಲೇ ಗಾಳಿಯ ತೇವ ಹೀರಿ ತೂಕ ಏರುತ್ತದೆ, ಮೈಸೂರಿನ ಆಷಾಢದ ಜಿಟಿಜಿಟಿ ಮಳೆಯಲ್ಲಂತೂ ಅಂಕಿ ನಿಲ್ಲುವುದೇ ಇಲ್ಲ. ಮೆಗ್ನೀಸಿಯಂ ಆಕ್ಸೈಡ್ ಕೂಡ ತೇವ ಹೀರುತ್ತದೆ. ಅದನ್ನು 1000 ಡಿಗ್ರಿಯಲ್ಲಿ ಸುಟ್ಟು, ಡೆಸಿಕೇಟರಿನಲ್ಲಿ ಆರಿಸಿ, ಕೂಡಲೇ ತೂಗಿ. ಉಳಿದ ಪುಡಿಗಳನ್ನು ರಾತ್ರಿಯಿಡೀ 110 ಡಿಗ್ರಿಯ ಓವನ್‌ನಲ್ಲಿಡಿ.

ಅಮೋನಿಯಂ ಫಾಸ್ಫೇಟ್ ಅಗ್ಗವೆಂದು ಬಳಸುವವರಿದ್ದಾರೆ. ಅದು ಬಿಡುವ ಅಮೋನಿಯಾ ಫಾಸ್ಫೇಟನ್ನು ಅಪಕರ್ಷಿಸಬಲ್ಲದು, ಹಾಗೆ ಹುಟ್ಟುವ ಫಾಸ್ಫರಸ್ ಪ್ಲಾಟಿನಂ ಮೂಸೆಯನ್ನು ತಿಂದು ತೂತು ಮಾಡುತ್ತದೆ. ಆ ಉಳಿತಾಯ ಬೇಡ.

0.5 ಗ್ರಾಂ ಫ್ಲೋರೈಡನ್ನು 126 ಗ್ರಾಂ ಪುಡಿಯ ಮೇಲೆ ಉದುರಿಸಿ ಕಲಸಿದರೆ ಸಮನಾಗಿ ಹರಡುವುದಿಲ್ಲ. ಮೊದಲು 5 ಗ್ರಾಂ ಸಿಲಿಕಾ ಜೊತೆ ಅಗೇಟ್ ಒರಳಿನಲ್ಲಿ ಅರೆಯಿರಿ, ಅದನ್ನು ಮಿಶ್ರಣದ 20 ಗ್ರಾಂಗೆ, ಆಮೇಲೆ ಪೂರ್ತಿ ಮಿಶ್ರಣಕ್ಕೆ ಸೇರಿಸಿ.

ಕರಗಿಸುವುದು

ಮೂಸೆ ಪ್ಲಾಟಿನಂನದೇ ಆಗಬೇಕು. ಅಲ್ಯುಮಿನಾ ಮೂಸೆ ಕೈಗೆಟಕುತ್ತದೆ ನಿಜ, ಆದರೆ ಫ್ಲೋರೈಡ್ ಇರುವ ತೆಳು ದ್ರವ ಅದನ್ನು ಕರಗಿಸಿಕೊಂಡು ಅಲ್ಯುಮಿನಿಯಂ ಅನ್ನು ಗಾಜಿನೊಳಕ್ಕೆ ಎಳೆಯುತ್ತದೆ. ಸ್ವಲ್ಪ ಅಲ್ಯುಮಿನಾ ಸೇರಿದರೂ ಮೈಮೇಲೆ ಅಪಟೈಟ್ ಪದರ ಬೆಳೆಯುವುದು ಕುಂಠಿತವಾಗುತ್ತದೆ, ಮೂಳೆಯ ಖನಿಜೀಕರಣಕ್ಕೂ ಅಲ್ಯುಮಿನಿಯಂ ಅಡ್ಡಿ.

ಕಾಲೇಜುಗಳಲ್ಲಿ ಸಾಮಾನ್ಯವಾಗಿ ಸಿಗುವ 1200 ಡಿಗ್ರಿಯ ಮಫಲ್ ಕುಲುಮೆ ಈ ಕೆಲಸಕ್ಕೆ ಸಾಲದು. 1450 ಡಿಗ್ರಿ ಎರಡು ಗಂಟೆ ನಿಲ್ಲಬೇಕು. ಮೊಲಿಬ್ಡಿನಂ ಡೈಸಿಲಿಸೈಡ್ ಕಡ್ಡಿಗಳ ಕುಲುಮೆ ಬೇಕು. ಫ್ಲೋರೈಡ್ ಹೊಗೆ ಆ ಕಡ್ಡಿಗಳನ್ನು ಕಾಯುವ ಸಿಲಿಕಾ ಪದರವನ್ನೂ ಕೊರೆಯುತ್ತದೆ. ಮೂಸೆಗೆ ಮುಚ್ಚಳ ಹಾಕಿದರೆ ಗಾಜಿಗೂ ಒಳ್ಳೆಯದು, ಕುಲುಮೆಗೂ ಒಳ್ಳೆಯದು.

ಫ್ಲೋರೈಡ್ ಎರಡು ದಾರಿಯಲ್ಲಿ ತಪ್ಪಿಸಿಕೊಳ್ಳುತ್ತದೆ. ನೀರಾವಿ ಸಿಕ್ಕರೆ ಹೈಡ್ರೋಜನ್ ಫ್ಲೋರೈಡ್ ಆಗಿ, ಸಿಲಿಕಾ ಜೊತೆ ಸೇರಿ ಸಿಲಿಕಾನ್ ಟೆಟ್ರಾಫ್ಲೋರೈಡ್ ಆಗಿ. ಮೊದಲನೆಯದನ್ನು ತಡೆಯುವುದು ನಮ್ಮ ಕೈಯಲ್ಲಿದೆ. ಹೈಡ್ರೋಜನ್ ಫಾಸ್ಫೇಟಿನ ನೀರು 400-450 ಡಿಗ್ರಿಯ ಸುಮಾರಿಗೆ ಹೋಗುತ್ತದೆ. ಮುಚ್ಚಳ ಸರಿಸಿ 450ರಲ್ಲಿ ಒಂದು ಗಂಟೆ ನಿಲ್ಲಿಸಿ, ನೀರು ಪೂರ್ತಿ ಹೋಗಲಿ. ಆಮೇಲೆ ಮುಚ್ಚಿ 950ಕ್ಕೆ ಏರಿಸಿ ಇನ್ನೊಂದು ಗಂಟೆ ನಿಲ್ಲಿಸಿ, ಕಾರ್ಬೊನೇಟ್ ನಿಧಾನವಾಗಿ ಅನಿಲ ಬಿಡಲಿ. ಈ ನಿಲುಗಡೆ ಬಿಟ್ಟು ನೇರ 1450ಕ್ಕೆ ಓಡಿಸಿದರೆ ಒಲೆಯ ಮೇಲಿನ ಹಾಲಿನಂತೆ ಉಕ್ಕಿ ಹೊರಚೆಲ್ಲುತ್ತದೆ. ಮೂಸೆಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತುಂಬಬೇಡಿ, ಕರಗಿ ಕುಗ್ಗಿದ ಮೇಲೆ ಉಳಿದ ಪುಡಿ ಹಾಕಬಹುದು.

ಮಳೆಗಾಲದಲ್ಲಿ ಇನ್ನೂ ಸುರಕ್ಷಿತ ದಾರಿ ಬೇಕೆಂದರೆ ಹೈಡ್ರೋಜನ್ ಫಾಸ್ಫೇಟ್ ಬದಲು 29.00 ಗ್ರಾಂ ಕ್ಯಾಲ್ಸಿಯಂ ಪೈರೊಫಾಸ್ಫೇಟ್ ತೂಗಿ. ಅದರಲ್ಲಿ ನೀರೇ ಇಲ್ಲ. ಉಳಿದ ತೂಕಗಳು ಹಾಗೇ ಇರಲಿ.

ಫ್ಲೋರೈಡ್ ಹೊಗೆ ಸಣ್ಣ ವಿಷಯವಲ್ಲ. ಕುಲುಮೆಯ ಮೇಲೆ ಎಕ್ಸಾಸ್ಟ್ ಇಲ್ಲದ ಕೋಣೆಯಲ್ಲಿ ಈ ಕೆಲಸ ಮಾಡಲೇಬೇಡಿ. ಹೈಡ್ರೋಜನ್ ಫ್ಲೋರೈಡ್ ಚರ್ಮಕ್ಕೆ ತಗುಲಿದರೆ ಹಚ್ಚಲು ಶೇ 2.5ರ ಕ್ಯಾಲ್ಸಿಯಂ ಗ್ಲೂಕೊನೇಟ್ ಜೆಲ್ ಕೈಗೆಟಕುವಂತಿರಲಿ. ಕರೆಂಟ್ ಹೋಗುವ ಕಡೆ ಜನರೇಟರ್ ವ್ಯವಸ್ಥೆ ಖಚಿತವಾದ ಮೇಲೆಯೇ ಕುಲುಮೆ ಹಚ್ಚಿ. 1450ರಲ್ಲಿ ನಿಂತ ದ್ರವ ಕರೆಂಟಿಲ್ಲದೆ ಮೆಲ್ಲಗೆ ತಣಿದರೆ ಮೂಸೆಯಲ್ಲೇ ಹರಳುಗಟ್ಟುತ್ತದೆ. ಮತ್ತೆ ಕಾಯಿಸಿ ಬಿಡಿಸುವಷ್ಟರಲ್ಲಿ ಇನ್ನಷ್ಟು ಫ್ಲೋರೈಡ್ ಹೋಗಿರುತ್ತದೆ.

ದ್ರವವನ್ನು ಸ್ಟೀಲ್ ತಟ್ಟೆಯ ಮೇಲೆ ಸುರಿದು ಇನ್ನೊಂದು ತಟ್ಟೆಯಿಂದ ಒತ್ತಿ. ನೀರಿಗೆ ಸುರಿದರೆ ಚೂರಾಗಿ ಅರೆಯಲು ಸುಲಭ, ಆದರೆ ಇಂಥ ಗಾಜು ನೀರಿನೊಂದಿಗೆ ವರ್ತಿಸುತ್ತದೆ. ತಟ್ಟೆಯೇ ಮೇಲು. ತುಂಡು ತಿಳಿಯಾಗಿದ್ದರೆ ಸರಿ. ಹಾಲುಬಣ್ಣ ಬಂದಿದ್ದರೆ ತಣಿಯುವುದು ತಡವಾಗಿ ಒಳಗೆ ದ್ರವಗಳು ಬೇರ್ಪಟ್ಟಿವೆ ಅಥವಾ ಹರಳು ಆಗಲೇ ಹುಟ್ಟಿದೆ. ಮುಂದಿನ ಬಾರಿ ತೆಳುವಾಗಿ ಸುರಿಯಿರಿ.

ಗಾಜಿನಲ್ಲಿ ಉಳಿದ ಫ್ಲೋರೈಡನ್ನು ಅಳೆಯದೆ ಮುಂದಕ್ಕೆ ಹೋಗಬೇಡಿ. 0.2 ಗ್ರಾಂ ಪುಡಿಯನ್ನು ಕ್ಷಾರದೊಂದಿಗೆ ಕರಗಿಸಿ, ನೀರಿಗೆ ತೆಗೆದು, ಪಿಎಚ್ 5ರಿಂದ 5.5ಕ್ಕೆ ತಂದು, ಬಫರ್ ಸೇರಿಸಿ 100 ಮಿಲಿ ಮಾಡಿ ಫ್ಲೋರೈಡ್ ಎಲೆಕ್ಟ್ರೋಡ್ ಹಿಡಿಯಿರಿ. ಎಲ್ಲ ಉಳಿದಿದ್ದರೆ ಲೀಟರಿಗೆ ಸುಮಾರು 4.9 ಮಿಲಿಗ್ರಾಂ ಬರಬೇಕು, ಅಂದರೆ ಗಾಜಿನ ಶೇ 0.24. 0.15 ಬಂದರೆ ಮೂರನೇ ಒಂದಕ್ಕಿಂತ ಹೆಚ್ಚು ಹೊಗೆಯಾಗಿದೆ. ಮಿಶ್ರಣದ ತೂಕದ ಇಳಿಕೆಯಿಂದ ಇದನ್ನು ಕಂಡುಹಿಡಿಯಲು ಆಗದು, ಫ್ಲೋರೈಡ್ ಪೂರ್ತಿ ಹೋದರೂ 127 ಗ್ರಾಂನಲ್ಲಿ ವ್ಯತ್ಯಾಸ, ಹೋದ ದಾರಿಗೆ ತಕ್ಕಂತೆ, ಸುಮಾರು 0.14ರಿಂದ 0.33 ಗ್ರಾಂ ಮಾತ್ರ.

ಪುಡಿ ಏಕೆ, ಬಿಲ್ಲೆ ಹೇಗೆ

ಗಾಜಿನ ದಪ್ಪ ತುಂಡನ್ನೇ ಕುಲುಮೆಗಿಟ್ಟು ಹರಳುಗಟ್ಟಿಸಬಾರದೇಕೆ ಎಂದು ಕೇಳಬಹುದು. ಅಪಟೈಟ್ ಗಾಜಿನ ಒಳಗೆಲ್ಲ ಹುಟ್ಟುತ್ತದೆ. ವೊಲಾಸ್ಟೊನೈಟ್ ಹಾಗಲ್ಲ, ಮೇಲ್ಮೈಯಲ್ಲಿ ಹುಟ್ಟಿ ಒಳಕ್ಕೆ ನೇರವಾಗಿ ಎಳೆ ಎಳೆಯಾಗಿ ಬೆಳೆಯುತ್ತದೆ. ಎಲ್ಲ ಕಡೆಯಿಂದ ಬಂದ ಎಳೆಗಳು ನಡುವೆ ಸೇರುವಾಗ ಗಾತ್ರದ ವ್ಯತ್ಯಾಸದಿಂದ ದೊಡ್ಡ ಬಿರುಕು ಬೀಳುತ್ತದೆ. ಪುಡಿ ಮಾಡಿದರೆ ಪ್ರತಿ ಕಣದ ಮೈಯೂ ಒಂದು ಮೇಲ್ಮೈ. ವೊಲಾಸ್ಟೊನೈಟ್ ಎಲ್ಲೆಡೆ ಸಮನಾಗಿ ಹುಟ್ಟುತ್ತದೆ.

ಜಿರ್ಕೋನಿಯಾ ಅಥವಾ ಅಗೇಟ್ ಗುಂಡುಗಳಿಂದ, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅರೆಯಿರಿ. ಸ್ಟೀಲ್ ಗುಂಡು ಬೇಡ, ಕಬ್ಬಿಣ ಸೇರುತ್ತದೆ. 45 ಮೈಕ್ರಾನ್ ಜರಡಿ ದಾಟಬೇಕು. ಕೆಲವೇ ಮೈಕ್ರಾನ್‌ಗೆ ಇಳಿದರೆ ಇನ್ನೂ ಗಟ್ಟಿಯಾಗಿ ಕೂಡಿಕೊಳ್ಳುತ್ತದೆ.

13 ಮಿಲಿಮೀಟರ್ ಅಚ್ಚಿನಲ್ಲಿ 0.6 ಗ್ರಾಂ ಪುಡಿ ಸಾಕು. ಕೈಪ್ರೆಸ್ಸಿನಲ್ಲಿ 1 ಟನ್ ಭಾರ ಎಂದರೆ ಈ ಅಚ್ಚಿಗೆ ಸುಮಾರು 74 ಎಂಪಿಎ. ಹೆಚ್ಚು ಒತ್ತಿದಷ್ಟೂ ಒಳ್ಳೆಯದೆಂದು 5 ಟನ್ ಕೊಟ್ಟರೆ ಬಿಲ್ಲೆ ಹೊರಬರುವಾಗ ಟೊಪ್ಪಿಗೆಯಂತೆ ಮೇಲಿನ ಪದರ ಎದ್ದು ಬರುತ್ತದೆ. ಅಂಟಿಗೆ ಪಿವಿಎ (ಪಾಲಿವಿನೈಲ್ ಆಲ್ಕೋಹಾಲ್) ಹಾಕಿದರೆ 500 ಡಿಗ್ರಿಯಲ್ಲಿ ಒಂದು ಗಂಟೆ ಸುಡಿ. ಆತುರಪಟ್ಟರೆ ಮಸಿ ಒಳಗೆ ಸಿಕ್ಕಿಕೊಂಡು ಬಿಲ್ಲೆ ಬೂದಿಬಣ್ಣವಾಗುತ್ತದೆ.

ಹರಳುಗಟ್ಟಿಸುವುದು

ಕುಲುಮೆಗೆ ಇಡುವ ಮೊದಲು ಡಿಟಿಎ (ಕಾಯಿಸುವಾಗ ಯಾವ ತಾಪಮಾನದಲ್ಲಿ ಶಾಖ ಹೊರಬರುತ್ತದೆಂದು ಶಿಖರಗಳಾಗಿ ತೋರಿಸುವ ಪರೀಕ್ಷೆ) ಮಾಡಿಸಿ, ಅದೂ ಎರಡು ಗಾತ್ರದ ಪುಡಿಯಿಂದ: ಒಂದು 45 ಮೈಕ್ರಾನ್‌ಗಿಂತ ಸಣ್ಣ, ಇನ್ನೊಂದು ಸಕ್ಕರೆ ಕಣದಷ್ಟು ದಪ್ಪ. ನಿಮಿಷಕ್ಕೆ 10 ಡಿಗ್ರಿ ವೇಗ. ಸಣ್ಣ ಪುಡಿಯಲ್ಲಿ ಯಾವ ಶಿಖರ ಕಡಿಮೆ ತಾಪಮಾನಕ್ಕೆ ಸರಿಯುತ್ತದೋ ಅದು ಮೇಲ್ಮೈಯಲ್ಲಿ ಹುಟ್ಟುವ ಹರಳು. ಸರಿಯದೆ ನಿಂತದ್ದು ಒಳಗಿನದು.

ಈ ಗಾಜಿನ ಪುಡಿ ಸುಮಾರು 830 ಡಿಗ್ರಿಗೆ ಕೂಡಿಕೊಂಡು ಗಟ್ಟಿಯಾಗುತ್ತದೆ. 870ರ ಆಸುಪಾಸಿನಲ್ಲಿ ಅಪಟೈಟ್, 900ರ ಆಸುಪಾಸಿನಲ್ಲಿ ವೊಲಾಸ್ಟೊನೈಟ್ ಬರುತ್ತದೆ. ಈ ಕ್ರಮವೇ ಇಡೀ ವಸ್ತುವಿನ ಬಲದ ಗುಟ್ಟು. ಮೊದಲು ರಂಧ್ರ ಮುಚ್ಚಬೇಕು, ಆಮೇಲೆ ಹರಳು ಬರಬೇಕು. ಹರಳು ಮೊದಲೇ ಬಂದರೆ ಗಾಜು ಹರಿಯದಷ್ಟು ಗಡುಸಾಗಿ ರಂಧ್ರಗಳು ಹಾಗೇ ಉಳಿಯುತ್ತವೆ. 45ಎಸ್5 ಗಾಜನ್ನು ಗಟ್ಟಿಯಾಗಿ ಸುಡುವುದು ಕಷ್ಟವಾಗಿರುವುದು ಇದೇ ಕಾರಣಕ್ಕೆ.

500 ಡಿಗ್ರಿವರೆಗೆ ನಿಮಿಷಕ್ಕೆ 5 ಡಿಗ್ರಿ, ಅಲ್ಲಿಂದ 1050ರವರೆಗೆ ನಿಮಿಷಕ್ಕೆ 1 ಡಿಗ್ರಿ. 1050ರಲ್ಲಿ 2 ಗಂಟೆ. ಕುಲುಮೆಯಲ್ಲೇ ತಣಿಯಲಿ. ಬಿಲ್ಲೆಯ ಕೆಳಗೆ ಪ್ಲಾಟಿನಂ ಹಾಳೆ ಅಥವಾ ಜಿರ್ಕೋನಿಯಾ ತಟ್ಟೆ ಇಡಿ.

ಒಂದೇ ಬಿಲ್ಲೆ ಸುಟ್ಟು ಕೈತೊಳೆದುಕೊಳ್ಳಬೇಡಿ. ನಾಲ್ಕು ಬಿಲ್ಲೆ ಇಟ್ಟು 830, 880, 930, 1050ಕ್ಕೆ ಒಂದೊಂದನ್ನು ಇಕ್ಕಳದಿಂದ ಹೊರತೆಗೆಯಿರಿ. ಯಾವ ಹರಳು ಯಾವಾಗ ಬಂತೆಂದು ಈ ನಾಲ್ಕೇ ಹೇಳುತ್ತವೆ. ಕೊನೆಯ ಬಿಲ್ಲೆಯ ಸಾಂದ್ರತೆ ಸೆಂಟಿಮೀಟರ್ ಘನಕ್ಕೆ 3.07 ಗ್ರಾಂ ಹತ್ತಿರ ಇರಬೇಕು. 2.8 ಬಂದರೆ ಪುಡಿ ದಪ್ಪವಾಗಿದೆ ಅಥವಾ ವೇಗ ತಪ್ಪಿದೆ. ಇನ್ನೂ ಗಟ್ಟಿಯಾಗಲೆಂದು 1200ಕ್ಕೆ ಏರಿಸಬೇಡಿ, ಅಲ್ಲಿ ವಿಟ್ಲಾಕೈಟ್ ಎಂಬ ಬೇರೆ ಕ್ಯಾಲ್ಸಿಯಂ ಫಾಸ್ಫೇಟ್ ಹುಟ್ಟುತ್ತದೆ.

ಎಕ್ಸ್‌ಆರ್‌ಡಿ ಓದುವುದು

ಎಕ್ಸ್‌ಆರ್‌ಡಿ ಎಂದರೆ ಎಕ್ಸ್-ಕಿರಣ ಹರಳಿನಿಂದ ಯಾವ ಕೋನದಲ್ಲಿ ಚದುರುತ್ತದೆಂದು ನೋಡಿ ಹರಳನ್ನು ಗುರುತಿಸುವ ವಿಧಾನ. ತಾಮ್ರದ ಕಿರಣದಲ್ಲಿ ಅಪಟೈಟಿನ ಗುರುತು 25.9, 31.9, 32.2, 33.1 ಡಿಗ್ರಿ ಕೋನ (2θ). ವೊಲಾಸ್ಟೊನೈಟಿನ ದೊಡ್ಡ ಶಿಖರ 30ರ ಹತ್ತಿರ. ನೀವು ಫ್ಲೋರೈಡ್ ಹೆಚ್ಚಿಸಿ ಪ್ರಯೋಗ ಮಾಡುತ್ತಿದ್ದರೆ ಕ್ಯಾಲ್ಸಿಯಂ ಫ್ಲೋರೈಡೇ ಬೇರೆಯಾಗಿ ಹರಳಾಗಬಹುದು. ಅದರ ಶಿಖರಗಳು 28.3 ಮತ್ತು 47.0. ಇಲ್ಲೇ ಮೋಸ ಹೋಗುವುದು: ಅಪಟೈಟಿಗೂ 28.1 ಮತ್ತು 46.9ರಲ್ಲಿ ಶಿಖರವಿದೆ. ಶುದ್ಧ ಅಪಟೈಟಿನಲ್ಲಿ 28.1ರ ಶಿಖರ 29.1ರದಕ್ಕಿಂತ ಗಿಡ್ಡ. ಅದೇ ಎತ್ತರವಾಗಿ ಕಂಡರೆ ಸಂಶಯಪಡಿ. ಸಂಶಯ ತೀರಬೇಕಾದರೆ ಫ್ಲೋರಿನ್-19ರ ಘನಸ್ಥಿತಿ ಎನ್‌ಎಂಆರ್ (ಫ್ಲೋರೈಡ್ ಸುತ್ತ ಯಾವ ಪರಮಾಣುಗಳಿವೆ ಎಂದು ಹೇಳುವ ಕಾಂತೀಯ ಪರೀಕ್ಷೆ) ಮಾಡಿಸಬೇಕು, ಬೆಂಗಳೂರಿನ ಐಐಎಸ್‌ಸಿಯ ಎನ್‌ಎಂಆರ್ ಕೇಂದ್ರ ಹತ್ತಿರದ್ದು. ಅಪಟೈಟಿನಲ್ಲಿ ಮೂರು ಕ್ಯಾಲ್ಸಿಯಂ ನಡುವಿನ ಫ್ಲೋರೈಡ್ ಮೈನಸ್ 103 ಪಿಪಿಎಂ ಹತ್ತಿರ, ಕ್ಯಾಲ್ಸಿಯಂ ಫ್ಲೋರೈಡಿನಲ್ಲಿ ನಾಲ್ಕರ ನಡುವಿನದು ಮೈನಸ್ 108 ಹತ್ತಿರ ಕಾಣುತ್ತದೆ.

ದೇಹದ್ರವದ ಪರೀಕ್ಷೆ

ರಕ್ತದ ನೀರಿನಂಶಕ್ಕೆ ಹೋಲುವ ಲವಣದ್ರಾವಣದಲ್ಲಿ ಬಿಲ್ಲೆಯನ್ನಿಟ್ಟು ಮೈಮೇಲೆ ಅಪಟೈಟ್ ಬೆಳೆಯುತ್ತದೆಯೇ ನೋಡುವ ಪರೀಕ್ಷೆ ಇದು, ಐಎಸ್‌ಒ 23317ರಲ್ಲಿದೆ. ನಲ್ಲಿಯ ಕಾವೇರಿ ನೀರಾಗಲಿ ಕೊಳವೆಬಾವಿ ನೀರಾಗಲಿ ಬೇಡ, ಅಯಾನು ತೆಗೆದ ಶುದ್ಧ ನೀರೇ ಬೇಕು. ಪಾತ್ರೆ ಪ್ಲಾಸ್ಟಿಕ್‌ನದು, ಗೀರಿಲ್ಲದ್ದು.

700 ಮಿಲಿ ನೀರನ್ನು 36.5 ಡಿಗ್ರಿಗೆ ತಂದು ಇದೇ ಕ್ರಮದಲ್ಲಿ, ಒಂದು ಪೂರ್ತಿ ಕರಗಿದ ಮೇಲೆ ಇನ್ನೊಂದನ್ನು ಹಾಕಿ: ಸೋಡಿಯಂ ಕ್ಲೋರೈಡ್ 8.035 ಗ್ರಾಂ, ಸೋಡಿಯಂ ಬೈಕಾರ್ಬೊನೇಟ್ 0.355, ಪೊಟ್ಯಾಸಿಯಂ ಕ್ಲೋರೈಡ್ 0.225, ಮೂರು ನೀರಿನ ಡೈಪೊಟ್ಯಾಸಿಯಂ ಹೈಡ್ರೋಜನ್ ಫಾಸ್ಫೇಟ್ 0.231, ಆರು ನೀರಿನ ಮೆಗ್ನೀಸಿಯಂ ಕ್ಲೋರೈಡ್ 0.311, ಒಂದು ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ 39 ಮಿಲಿ, ಕ್ಯಾಲ್ಸಿಯಂ ಕ್ಲೋರೈಡ್ 0.292, ಸೋಡಿಯಂ ಸಲ್ಫೇಟ್ 0.072. 900 ಮಿಲಿಗೆ ನೀರು ತುಂಬಿ. ಟ್ರಿಸ್ ಎಂಬ ಬಫರ್ 6.118 ಗ್ರಾಂ ಅನ್ನು ಚಿಟಿಕೆ ಚಿಟಿಕೆಯಾಗಿ ಹಾಕುತ್ತ ಪಿಎಚ್ 7.45 ದಾಟದಂತೆ ನೋಡಿಕೊಳ್ಳಿ, ಕೊನೆಗೆ ಆಮ್ಲದ ಹನಿಗಳಿಂದ 7.40ಕ್ಕೆ ತಂದು, ಆರಿಸಿ, 1 ಲೀಟರ್ ಮಾಡಿ. ಆಮ್ಲವನ್ನು ಕ್ಯಾಲ್ಸಿಯಂಗಿಂತ ಮೊದಲು ಹಾಕುವುದು ಫಾಸ್ಫೇಟ್ ಜೊತೆ ಸೇರಿ ಮೋಡಗಟ್ಟದಿರಲಿ ಎಂದು. ದ್ರಾವಣ ಸ್ವಲ್ಪ ಮಸುಕಾದರೂ ಚೆಲ್ಲಿಬಿಡಿ.

ಬಿಲ್ಲೆಯ ಮೇಲ್ಮೈಯನ್ನು ಚದರ ಮಿಲಿಮೀಟರಿನಲ್ಲಿ ಅಳೆದು 10ರಿಂದ ಭಾಗಿಸಿ, ಅಷ್ಟು ಮಿಲಿ ದ್ರಾವಣ. 13 ಮಿಲಿಮೀಟರ್ ಅಗಲ, 2 ಮಿಲಿಮೀಟರ್ ದಪ್ಪದ ಬಿಲ್ಲೆಗೆ 347 ಚದರ ಮಿಲಿಮೀಟರ್, ಅಂದರೆ 34.7 ಮಿಲಿ. ಸುಟ್ಟ ಮೇಲೆ ಕುಗ್ಗಿರುವುದರಿಂದ ಮತ್ತೆ ಅಳೆಯಿರಿ.

1, 3, 7 ದಿನಕ್ಕೆ ಒಂದೊಂದು ಬಿಲ್ಲೆ ತೆಗೆದು, ಶುದ್ಧ ನೀರಿನಲ್ಲಿ ಮೆಲ್ಲಗೆ ಅದ್ದಿ, ಬಿಸಿ ಮಾಡದೆ ಗಾಳಿಯಲ್ಲಿ ಆರಿಸಿ. ಸಾಮಾನ್ಯ ಎಕ್ಸ್‌ಆರ್‌ಡಿಯಲ್ಲಿ ಅಪಟೈಟ್ ಕಂಡಿತೆಂದು ಸಂಭ್ರಮಿಸುವ ಹಾಗಿಲ್ಲ, ಬಿಲ್ಲೆಯ ಒಳಗೆ ನೀವೇ ಬೆಳೆಸಿದ ಅಪಟೈಟ್ ಆಗಲೇ ಇದೆ. ಕಿರಣವನ್ನು ಮೇಲ್ಮೈಗೆ ಓರೆಯಾಗಿ ಬಿಡುವ ತೆಳುಪದರ ವಿಧಾನದಲ್ಲಿ ನೋಡಿ. ವೊಲಾಸ್ಟೊನೈಟಿನ 30ರ ಶಿಖರ ಕುಗ್ಗಿ, 26 ಮತ್ತು 32ರಲ್ಲಿ ಅಗಲವಾದ ಮೊಂಡು ಶಿಖರ ಎದ್ದರೆ ಅದು ಹೊಸ ಪದರ. ದ್ರಾವಣವನ್ನೂ ಚೆಲ್ಲಬೇಡಿ, ಅದರಲ್ಲಿ ಫ್ಲೋರೈಡ್ ಎಲೆಕ್ಟ್ರೋಡ್ ಅದ್ದಿ. ಗಾಜಿನಲ್ಲಿ ಅಳೆದ ಮೊತ್ತದಲ್ಲಿ ಎಷ್ಟು ಹೊರಬಂತು, ಎಷ್ಟು ಹರಳಿನಲ್ಲೇ ಉಳಿಯಿತು ಎಂಬುದನ್ನು ಮೂರೂ ದಿನಗಳಿಗೆ ಒಂದೇ ಕೋಷ್ಟಕದಲ್ಲಿ ಬರೆದಿಡಿ.